ಪದಚರ್ಚೆ: ಟ್ರಂಪೆಟ್ಟಿಗೆ ‘ಕಹಳೆ’ ಹೊಂದುತ್ತದೆಯೇ?

ಬೆಳಗಾವಿಯಲ್ಲಿ ಧ್ವನಿಮುದ್ರಿತ ಆರ್ಕೆಸ್ಟ್ರಾ ಸಂಗೀತ ಕೇಳಿಸುವ ಕಾರ್ಯಕ್ರಮಕ್ಕೆ ಕನ್ನಡದಲ್ಲಿ ಪರಿಚಯಪತ್ರ ತಯಾರಾಗುತ್ತಿದೆ. ಕೃತಿಗಳು ಎರಡು: ಹೈಡನ್‌ನ ಟ್ರಂಪೆಟ್ ಕಂಚೆರ್ಟೊ (ಒಂದು ವಾದ್ಯ ಮುಂದೆ, ಆರ್ಕೆಸ್ಟ್ರಾ ಜೊತೆಗೆ ನುಡಿಸುವ ಕೃತಿ, 1796) ಮತ್ತು ಬೇಥೋವನ್‌ನ ಒಂಬತ್ತನೇ ಸಿಂಫನಿ (ಇಡೀ ಆರ್ಕೆಸ್ಟ್ರಾದ ದೊಡ್ಡ ಕೃತಿ, ಇದರಲ್ಲಿ ಹಾಡೂ ಉಂಟು, 1824). ಕರಡಿನಲ್ಲಿ ಇವು ‘ಕಹಳೆ ಕಚೇರಿ’, ‘ವೃಂದಗಾನ ಸಿಂಫನಿ’ ಆಗಿವೆ. ಎರಡನ್ನೂ ಬದಲಿಸಬೇಕು ಅನ್ನಿಸುತ್ತದೆ. ‘ಕಚೇರಿ’ಯನ್ನಂತೂ ಮೊದಲು ತೆಗೆಯಬೇಕು, ನಮ್ಮ ಕಡೆ ಅದು ತಹಶೀಲ್ದಾರರದು.

ಕಹಳೆಯ ಮಾತು ಅಷ್ಟು ಸಲೀಸಲ್ಲ. ಕಹಳೆಗೆ ತೂತಿಲ್ಲ, ಪಿಸ್ಟನ್ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಗುಂಡಿ) ಇಲ್ಲ. ತುಟಿ ಬಿಗಿ ಮಾಡುತ್ತ ಹೋದರೆ ಸ, ಪ, ಮೇಲಿನ ಸ, ಗ, ಪ ಎಂದು ಜಿಗಿಯುತ್ತ ಸ್ವರ ಸಿಗುತ್ತವೆ. ಸ ರೆ ಗ ಸಾಲಾಗಿ ಬೇಕೆಂದರೆ ಇನ್ನೂ ಮೇಲಿನ ಸಪ್ತಕಕ್ಕೇ ಹತ್ತಬೇಕು. ದಂಡಿನ ಬ್ಯೂಗಲ್ಲೂ ಹೀಗೆಯೇ. ಹೈಡನ್ ಕಾಲದ ಆರ್ಕೆಸ್ಟ್ರಾ ಟ್ರಂಪೆಟ್ಟೂ ಹೀಗೆಯೇ ಇತ್ತು. ಆದರೆ ಆತ ಈ ಕೃತಿ ಬರೆದದ್ದು ವಿಯೆನ್ನಾದ ಆಂಟನ್ ವೈಡಿಂಗರ್‌ಗೆ. ಅವನ ವಾದ್ಯದ ಕೊಳವೆಗೆ ತೂತುಗಳಿದ್ದು, ಅವುಗಳ ಮೇಲೆ ಕೀಲಿಗಳಿದ್ದವು. ಕೀಲಿ ಎತ್ತಿದರೆ ಸ್ವರ ಏರುತ್ತಿತ್ತು. ಹಾಗಾಗಿ ಎರಡನೇ ಭಾಗದಲ್ಲಿ ಮಧ್ಯಸಪ್ತಕದಲ್ಲೇ ಅರ್ಧಸ್ವರ ಅರ್ಧಸ್ವರವಾಗಿ ಸರಿಯುವ ರಾಗ ಬಂತು. ‘ಕಹಳೆ’ ಅಂದರೆ ಈ ಹೊಸತನವೇ ಅಳಿಸಿಹೋಗುತ್ತದೆ. ಈಗಿನ ವಾದಕರ ಕೈಯಲ್ಲಿರುವುದು ಪಿಸ್ಟನ್ ವಾದ್ಯ: ನಡುವಿನದು ಒತ್ತಿದರೆ ಅರ್ಧಸ್ವರ, ಮೊದಲನೆಯದು ಒತ್ತಿದರೆ ಒಂದು ಸ್ವರ, ಮೂರನೆಯದು ಒಂದೂವರೆ ಕೆಳಗಿಳಿಯುತ್ತದೆ. ಲಗ್ನದ ಬ್ಯಾಂಡಿನವರಿಗೆ ಇದು ಟ್ರಂಪೆಟ್ಟೇ. ಪತ್ರದಲ್ಲೂ ಹಾಗೇ ಇರಲಿ. ತಮಾಷೆಯೆಂದರೆ, ಬೇಥೋವನ್ ತನ್ನ ಸಿಂಫನಿಯಲ್ಲಿ ಬರೆದದ್ದು ಹಳೆಯ ಬರಿಕೊಳವೆಯ ಟ್ರಂಪೆಟ್ಟಿಗೆ. ‘ಕಹಳೆ’ ಎಲ್ಲಾದರೂ ಒಪ್ಪುವುದಾದರೆ ಅಲ್ಲಿ.

‘ವೃಂದಗಾನ’ ಅಂದರೆ ಎಲ್ಲರೂ ಕೂಡಿ ಒಂದೇ ಧಾಟಿ ಹಾಡುವುದು. ಕೃಷ್ಣ ಪಾರಿಜಾತ ಆಟದ ಹಿಮ್ಮೇಳದವರು ಸಾಲು ಎತ್ತಿಕೊಳ್ಳುವುದೂ ಇದಲ್ಲ. ಇಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ದನಿಗಳು ಬೇರೆ ಬೇರೆ ಹಾದಿ ಹಿಡಿಯುತ್ತವೆ, ಮುಂದೆ ನಾಲ್ವರು ಏಕಗಾಯಕರು. ‘ನಾಲ್ದನಿ ಮೇಳ’ ನಡೆದೀತೇ? ಏನೇ ಬರೆಯಲಿ, ಹಾಡು ನಾಲ್ಕನೇ ಭಾಗದಲ್ಲಿ ಮಾತ್ರ ಎಂದು ಜೊತೆಗೇ ಹೇಳಬೇಕು. ಮುಕ್ಕಾಲು ಗಂಟೆಯ ಆಸುಪಾಸು ಬರೀ ವಾದ್ಯವೇ ಕೇಳಿಬಂದರೆ ಜನ ತಪ್ಪು ಡಿಸ್ಕ್ ಹಾಕಿದ್ದಾರೆ ಅಂದುಕೊಂಡಾರು.

‘ಭಾಗ’ಕ್ಕೆ ಡಿಸ್ಕಿನ ಟ್ರ್ಯಾಕ್ ಸಂಖ್ಯೆ ಹಾಕಬೇಡಿ. ಹಲವು ಮುದ್ರಣಗಳಲ್ಲಿ ನಾಲ್ಕನೇ ಭಾಗವನ್ನೇ ಎರಡು, ಮೂರು ಟ್ರ್ಯಾಕ್ ಮಾಡಿರುತ್ತಾರೆ.

ಶ್ರುತಿಯನ್ನು ಪೇಟಿಯ (ಹಾರ್ಮೋನಿಯಂ) ಭಾಷೆಯಲ್ಲೇ ಕೊಟ್ಟರೆ ಇಲ್ಲಿಯವರಿಗೆ ತಟ್ಟನೆ ತಿಳಿಯುತ್ತದೆ: ಕಂಚೆರ್ಟೊ ಕಾಳಿ ಎರಡು (ಎರಡನೇ ಕರಿ ಮನೆಯೇ ಷಡ್ಜ), ಅದರ ನಡುವಿನ ಭಾಗ ಕಾಳಿ ನಾಲ್ಕು. ಸಿಂಫನಿ ಶುರುವಾಗುವುದು ಬಿಳಿ ಎರಡರಲ್ಲಿ, ಕೋಮಲ ಗಾಂಧಾರದೊಂದಿಗೆ. ಕೊನೆಯ ಹಾಡು ಅದೇ ಷಡ್ಜಕ್ಕೆ ಶುದ್ಧ ಗಾಂಧಾರದಿಂದ ಏಳುತ್ತದೆ: ಗ ಗ ಮ ಪ, ಪ ಮ ಗ ರೆ, ಸ ಸ ರೆ ಗ. ಹಳೆ ಮಾದರಿಯ ವಾದ್ಯಗಳಲ್ಲಿ ನುಡಿಸಿದ ಮುದ್ರಣವಾದರೆ ಪೇಟಿ ಕೂಡುವುದಿಲ್ಲ. ‘ಎ’ ಸ್ವರವನ್ನು 440ರ ಬದಲು 430 ಹರ್ಟ್ಸ್‌ಗೆ ಇಟ್ಟರೆ ಸುಮಾರು 40 ಸೆಂಟ್, ಅಂದರೆ ಹತ್ತಿರಹತ್ತಿರ ಅರ್ಧಸ್ವರದ ಅರ್ಧ ಇಳಿದಿರುತ್ತದೆ.

ಉಳಿದದ್ದು ‘ಕೆಡೆಂಜಾ’. ಮೊದಲ ಭಾಗದ ಕೊನೆಗೆ ಆರ್ಕೆಸ್ಟ್ರಾ ನಿಂತು ಟ್ರಂಪೆಟ್ ಒಂದೇ ನುಡಿಯುವ ಜಾಗ. ಹೈಡನ್ ಅಲ್ಲಿ ಏನೂ ಬರೆದಿಲ್ಲ, ಹಾಗಾಗಿ ಮುದ್ರಣದಿಂದ ಮುದ್ರಣಕ್ಕೆ ಬೇರೆಯಾಗುತ್ತದೆ. ‘ತನಿ’ ಅಂದರೆ ಮೃದಂಗ ನೆನಪಾಗುತ್ತದೆ, ‘ಆಲಾಪ’ ಅಂದರೆ ಆರಂಭಕ್ಕೆ ಹೋಗುತ್ತದೆ. ಬೇರೇನಾದರೂ ಇದೆಯೇ?