ಅಪ್‌ಡೇಟ್: ಟೆಂಪ್ಲೇಟ್ ಸ್ಲೈಡ್‌ಗಳು ಕೊನೆಗೂ ಇಮೇಜ್ ಆದ್ವು

ನಮ್ಮ ಪವರ್‌ಪಾಯಿಂಟ್ ಟೆಂಪ್ಲೇಟು ನುಡಿ ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ತೆಗೆದ್ರೆ ಕನ್ನಡ ಎಲ್ಲಾ ಇಂಗ್ಲಿಷ್ ಅಕ್ಷರ, ಚಿಹ್ನೆ ಆಗ್ಬಿಡುತ್ತೆ, ಸ್ಲೈಡ್‌ಗಳನ್ನ ಇಮೇಜ್ ಮಾಡೋದು ಹೇಗೆ ಅಂತ ಕೇಳಿದ್ನಲ್ಲಾ, ಕೆಲಸ ಆಯ್ತು, ಹೇಳ್ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಸೇವ್ ಆ್ಯಸ್‌ಗೆ ಹೋಗಿ ಟೈಪ್ ಪಿಎನ್‌ಜಿ ಇಟ್ಟು ಆಲ್ ಸ್ಲೈಡ್ಸ್ ಒತ್ತಿದ್ರೆ ಒಂದು ಫೋಲ್ಡರಲ್ಲಿ ಎಲ್ಲಾ ಬರುತ್ತೆ. ಆದ್ರೆ ಸೈಜ್ 1280×720 ಪಿಕ್ಸೆಲ್ ಅಷ್ಟೇ, ದೊಡ್ಡ ಸ್ಕ್ರೀನಲ್ಲಿ ಹಾಕಿದ್ರೆ ಒತ್ತಕ್ಷರಗಳು ಮಸುಕು ಮಸುಕು, ‘ಕೃತಜ್ಞತೆ’ ಅನ್ನೋದನ್ನ ಓದೋಕೇ ಆಗ್ತಿರ್ಲಿಲ್ಲ. ನೀವು ಹೇಳಿದಂಗೆ ವಿಂಡೋಸ್ ರಿಜಿಸ್ಟ್ರಿಲಿ (ವಿಂಡೋಸ್ ಸೆಟ್ಟಿಂಗ್ಸ್ ಎಲ್ಲಾ ಇಟ್ಕೊಳ್ಳೋ ಜಾಗ) ಪವರ್‌ಪಾಯಿಂಟ್‌ನ ಆಪ್ಷನ್ಸ್ ಒಳಗೆ ಎಕ್ಸ್‌ಪೋರ್ಟ್‌ಬಿಟ್‌ಮ್ಯಾಪ್‌ರೆಸಲ್ಯೂಷನ್ ಅಂತ (ಮಧ್ಯೆ ಜಾಗ ಬಿಡದೆ) ಒಂದು ಡಿವರ್ಡ್ (DWORD, ಅಂಕಿ ಇಡೋ ಸೆಟ್ಟಿಂಗ್) ಮಾಡಿ, ಡೆಸಿಮಲ್‌ನಲ್ಲಿ 300 ಕೊಟ್ಟೆ ನೋಡಿ, 4000×2250 ಬಂತು, ವಟ್ರಸುಳಿ ಸಮೇತ ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ನಂಗೆ ನಿಜವಾಗ್ಲೂ ಖುಷಿ ಆಯ್ತು. ಜೆಪೆಗ್ ಬೇಡ, ಅಕ್ಷರದ ಅಂಚಲ್ಲಿ ಕೊಳೆ ಥರ ಬರುತ್ತೆ.

ಇನ್ನೊಂದು ವಿಷ್ಯ, ಸ್ಲೈಡ್ ಮಾಸ್ಟರಲ್ಲಿರೋ (ಎಲ್ಲಾ ಸ್ಲೈಡಿಗೂ ಮೂಲ ವಿನ್ಯಾಸ ಇರೋ ಜಾಗ) ಲೇಔಟ್‌ಗಳು ತಾವಾಗೇ ಇಮೇಜ್ ಆಗಲ್ಲ, ಒಂದೊಂದು ಲೇಔಟಿಗೂ ಹೊಸ ಸ್ಲೈಡ್ ಸೇರಿಸ್ಬೇಕು. ಖಾಲಿ ಬಾಕ್ಸಲ್ಲಿರೋ ‘ಕ್ಲಿಕ್ ಟು ಆ್ಯಡ್ ಟೈಟಲ್’ ಇಮೇಜಲ್ಲಿ ಬರಲ್ಲ, ಬೇಕಿದ್ರೆ ಅಲ್ಲಿ ಏನಾದ್ರೂ ಟೈಪ್ ಮಾಡಿಟ್ಟು ಆಮೇಲೆ ಎಕ್ಸ್‌ಪೋರ್ಟ್ ಮಾಡಿ.