‘ರೂಪಿಸು’ ಎಲ್ಲಿ ಸರಿ, ಎಲ್ಲಿ ತಪ್ಪು? ಕರಡು ತಿದ್ದುವವರನ್ನು ಕೇಳಿ

ಪ್ರಶ್ನೆ (ಮೂಡಿಗೆರೆಯಿಂದ): ನಮಸ್ಕಾರ ಸರ್. ನಮ್ಮ ಸ್ವಸಹಾಯ ಸಂಘದಿಂದ ಸಾಲಕ್ಕೆ ಅರ್ಜಿ ಬರೆಯುತ್ತಿದ್ದೇವೆ. ಕಾಳುಮೆಣಸು, ಕಾಫಿಪುಡಿ ಪ್ಯಾಕ್ ಮಾಡಿ ಮಾರುವ ಕೆಲಸಕ್ಕೆ. ‘ನಮ್ಮ ಸಂಘವು ಪ್ಯಾಕಿಂಗ್ ಘಟಕವನ್ನು ರೂಪಿಸಿರುತ್ತದೆ’ ಅಂತ ಬರೆದಿದ್ದೆ. ಓದಿದ ಒಬ್ಬರು ‘ಘಟಕ ಆಗಲೇ ಶುರುವಾಗಿದೆಯಾ? ಮತ್ತೆ ಸಾಲ ಯಾಕೆ?’ ಅಂದರು. ಇರುವುದು ಬರೀ ಪ್ಲಾನ್. ‘ರೂಪಿಸು’ ಅಂದರೆ ಯೋಚನೆ ಮಾಡುವುದಾ, ಕಟ್ಟುವುದಾ?

ಉತ್ತರ (ಹಾಸನ, ಪುಸ್ತಕಗಳ ಕರಡು ತಿದ್ದುವವರು): ಎರಡರ ನಡುವಿನದ್ದು ಮೇಡಂ. ತಲೆಯಲ್ಲಿ ಸುಮ್ನೆ ಸುಳಿದು ಹೋದದ್ದಕ್ಕೆ ‘ರೂಪಿಸು’ ಬರುವುದಿಲ್ಲ. ಯಾರು ಏನು ಮಾಡಬೇಕು, ದುಡ್ಡು ಎಷ್ಟು ಬೇಕು, ಯಾವಾಗ ಶುರು ಅಂತ ಕೂತು ಒಂದು ಆಕಾರಕ್ಕೆ ತಂದರೆ ಆಗ ರೂಪಿಸಿದ ಹಾಗೆ. ಕೆಲಸ ಆಗಿರಲೇಬೇಕು ಅಂತಿಲ್ಲ. ಕೆಲಸ ಆದರೆ ‘ಕಾರ್ಯರೂಪಕ್ಕೆ ತಂದೆವು’ ಅನ್ನುತ್ತೇವೆ.

ಹಿಂದೆ ಯಾವ ಪದ ಇದೆ ನೋಡಿ. ಯೋಜನೆ, ನಿಯಮ, ನೀತಿ, ಪಠ್ಯಕ್ರಮ ಇವನ್ನೆಲ್ಲ ರೂಪಿಸಬಹುದು. ಘಟಕವನ್ನು ಸ್ಥಾಪಿಸುತ್ತಾರೆ, ಇಲ್ಲವೇ ಶುರುಮಾಡುತ್ತಾರೆ. ನಿಮ್ಮ ವಾಕ್ಯ ಹೀಗಿರಲಿ: ‘ಪ್ಯಾಕಿಂಗ್ ಘಟಕ ಶುರುಮಾಡಲು ಸಂಘ ಯೋಜನೆ ರೂಪಿಸಿದೆ.’

‘ರೂಪಿಸಿರುತ್ತದೆ’ ಬೇಡ. ಅದು ಕಚೇರಿ ಕಾಗದದ ಚಾಳಿ. ‘ಅವನು ಇಷ್ಟೊತ್ತಿಗೆ ಬಂದಿರುತ್ತಾನೆ’ ಅಂದರೆ ನಮಗೆ ಖಾತ್ರಿ ಇಲ್ಲ, ಊಹೆ ಅಂತ ಅಲ್ವಾ? ಸಾಲ ಕೊಡುವವರ ಮುಂದೆ ಊಹೆ ಯಾಕೆ!

ಪ್ರಶ್ನೆ (ಸಕಲೇಶಪುರದಿಂದ): ಹಾಗಾದರೆ ‘ರಚಿಸು’? ಪೇಪರಿನಲ್ಲಿ ಒಂದು ದಿನ ‘ನಿಯಮ ರೂಪಿಸಲಾಗಿದೆ’, ಇನ್ನೊಂದು ದಿನ ‘ನಿಯಮ ರಚಿಸಲಾಗಿದೆ’ ಅಂತ ಬರುತ್ತೆ.

ಉತ್ತರ: ನಿಯಮ, ಕಾನೂನುಗಳಿಗೆ ಎರಡೂ ನಡೆಯುತ್ತವೆ. ಆದರೆ ಸಮಿತಿಯನ್ನು ರಚಿಸುತ್ತಾರೆ, ರೂಪಿಸುವುದಿಲ್ಲ. ಕವಿತೆಗೂ ‘ರಚಿಸು’. ಸಂವಿಧಾನಕ್ಕೂ ಅದೇ, ‘ಸಂವಿಧಾನ ರಚನಾ ಸಭೆ’ ಅಂತಲೇ ಹೆಸರು. ಬಿಡಿಬಿಡಿಯಾದದ್ದನ್ನು ಜೋಡಿಸಿ ಒಂದು ಮಾಡಿದರೆ ‘ರಚಿಸು’ ಒಪ್ಪುತ್ತದೆ. ಇರುವುದನ್ನೇ ತಿದ್ದಿ ತೀಡಿ ಆಕಾರಕ್ಕೆ ತಂದರೆ ‘ರೂಪಿಸು’. ‘ನನ್ನನ್ನು ರೂಪಿಸಿದ ಮೇಷ್ಟ್ರು’ ಅನ್ನಬಹುದು, ‘ನನ್ನನ್ನು ರಚಿಸಿದ ಮೇಷ್ಟ್ರು’ ಅಂದರೆ ನಗುತ್ತಾರೆ.

ನಮ್ಮ ಕಡೆಯ ಮಾತಿನಲ್ಲಿ ಇವೆರಡೂ ಕಮ್ಮಿ. ಹಾಡು ಕಟ್ಟುತ್ತಾರೆ, ಸಂಘ ಕಟ್ಟುತ್ತಾರೆ, ಸುಳ್ಳುಕಥೆಯನ್ನೂ ಕಟ್ಟುತ್ತಾರೆ. ಚುನಾವಣೆ ಬಂದರೆ ತಂತ್ರ ಹೆಣೆಯುತ್ತಾರೆ. ಇವು ಸಿಕ್ಕುವ ಕಡೆ ‘ರೂಪಿಸು’ವನ್ನು ನಾನಂತೂ ಹೊಡೆದುಹಾಕುತ್ತೇನೆ.

ಪ್ರಶ್ನೆ (ಬೇಲೂರಿನಿಂದ): ಸರ್, ‘ರೂವಾರಿ’ಗೂ ಇದಕ್ಕೂ ನಂಟಿದೆಯಾ? ಕ್ಷೀರ ಕ್ರಾಂತಿಯ ರೂವಾರಿ ಕುರಿಯನ್ ಅಂತಾರೆ. ದರೋಡೆಯ ರೂವಾರಿ ಸಿಕ್ಕಿಬಿದ್ದ ಅಂತಲೂ ಬರೀತಾರೆ.

ಉತ್ತರ: ಬೇಲೂರಿನವರು ಕೇಳಲೇಬೇಕಾದ ಪ್ರಶ್ನೆ. ನಂಟಿದೆ. ‘ರೂಪಕಾರ’ ಅನ್ನುವುದು ಸವೆದು ‘ರೂವಾರಿ’ ಆಗಿದೆ. ‘ದೀಪಿಕೆ’ ಹೋಗಿ ‘ದೀವಿಗೆ’ ಆಯಿತಲ್ಲ, ಹಾಗೆ ಪ ಹೋಗಿ ವ ಬಂತು. ಕುಂಭಕಾರ ಕುಂಬಾರ ಆದಾಗ ನಡುವಿನ ಕ ಬಿದ್ದುಹೋಯಿತು, ಇಲ್ಲೂ ಹಾಗೇ. ರೂಪ ಕೊಡುವವನು ಅಂತ ಅರ್ಥ. ಹೊಯ್ಸಳರ ಕಾಲದಲ್ಲಿ ಅದು ಕಲ್ಲುಕೆಲಸದವರ ಪದ. ಶಿಲ್ಪಿಗಳ ಹೆಸರಿನ ಹಿಂದೆ ‘ರೂವಾರಿ’ ಅಂತ ಶಾಸನಗಳಲ್ಲಿ ಸಿಗುತ್ತದೆ.

ನಿಮ್ಮೂರ ಚೆನ್ನಕೇಶವ ಗುಡಿ 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು. ಅಲ್ಲಿನ ಮದನಿಕೆಗಳ ಬುಡದಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಆ ಪೈಕಿ ಇಬ್ಬರು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ ಇನ್ನೂ ಸ್ವಾರಸ್ಯ. 1246ರ ಲಕ್ಷ್ಮೀನರಸಿಂಹ ಗುಡಿ. ದಕ್ಷಿಣದ ಗೋಡೆ ಬೈಚೋಜನದ್ದು, ಉತ್ತರದ್ದು ಮಲ್ಲಿತಮ್ಮನದ್ದು. ಒಂದೇ ಗುಡಿ, ಇಬ್ಬರ ಕೈ. ಸುತ್ತು ಹಾಕುವಾಗ ಎರಡೂ ಕಡೆಯ ವಿಗ್ರಹಗಳನ್ನು ನಿಂತು ಹೋಲಿಸಿ ನೋಡಿ.

ಅವರು ಮಾಡುತ್ತಿದ್ದ ಕೆಲಸಕ್ಕೆ ಹಳೆಯ ಮಾತು ‘ಕಂಡರಿಸು’, ಅಂದರೆ ಕೆತ್ತು. ಆ ಮಾತು ಈಗ ಬಳಕೆಯಲ್ಲಿ ಹೆಚ್ಚುಕಮ್ಮಿ ಇಲ್ಲ. ‘ರೂವಾರಿ’ ಮಾತ್ರ ಕಲ್ಲು ಬಿಟ್ಟು ಕಾಗದಕ್ಕೆ ಬಂತು. ಯಾರ ತಲೆಯಲ್ಲಿ ಯೋಜನೆ ಹುಟ್ಟಿ ಆಕಾರ ಪಡೆಯಿತೋ ಅವರೀಗ ರೂವಾರಿ. ‘ಸಂವಿಧಾನ ಶಿಲ್ಪಿ’ ಅನ್ನುವುದೂ ಇದೇ ದಾರಿಯದ್ದು. ದರೋಡೆಗೆ ‘ರೂವಾರಿ’ ತಪ್ಪೇನಲ್ಲ. ಮಲ್ಲಿತಮ್ಮನ ಬಿರುದನ್ನು ಕಳ್ಳನಿಗೆ ಕೊಡಲು ನನಗೆ ಮನಸ್ಸಿಲ್ಲ, ‘ಸಂಚುಕೋರ’ ಅಂತ ತಿದ್ದುತ್ತೇನೆ. ಇದು ನನ್ನ ಹಟ ಅಂದುಕೊಳ್ಳಿ.

ಪ್ರಶ್ನೆ (ಕಡೂರಿನಿಂದ): ಶಾಲೆ ವಾರ್ಷಿಕೋತ್ಸವದ ವರದಿಯಲ್ಲಿ ‘ಶಿಕ್ಷಕಿಯೊಬ್ಬರು ಕಾರ್ಯಕ್ರಮ ರೂಪಿಸಿದರು’ ಅಂತ ಬರೆದರೆ ಸರಿಯಾ?

ಉತ್ತರ: ಮೈಕ್ ಹಿಡಿದು ನಡೆಸಿಕೊಟ್ಟಿದ್ದರೆ ‘ನಿರೂಪಿಸಿದರು’. ಯಾವ ಡ್ಯಾನ್ಸ್ ಮೊದಲು, ಯಾವ ನಾಟಕ ಆಮೇಲೆ ಅಂತ ತೀರ್ಮಾನಿಸಿದ್ದು ಅವರೇ ಆದರೆ ‘ರೂಪಿಸಿದರು’.

ಪ್ರಶ್ನೆ (ಅರಸೀಕೆರೆಯಿಂದ): ‘ಬಸ್ ಸೌಲಭ್ಯ ರೂಪಿಸಿಕೊಡಿ’ ಅಂತ ಮನವಿ ಬರೆದಿದ್ದೇವೆ. ನಾಳೆ ಕೊಡಬೇಕು.

ಉತ್ತರ: ಸೌಲಭ್ಯ, ಅವಕಾಶ, ಅನುಕೂಲ ಇವಕ್ಕೆ ‘ಕಲ್ಪಿಸಿಕೊಡಿ’ ಅನ್ನುವುದು ರೂಢಿ. ‘ಕಲ್ಪಿಸಿಕೊಳ್ಳಿ’ ಅಂತ ಮಾತ್ರ ಬರೆಯಬೇಡಿ, ಬಸ್ಸನ್ನು ಊಹಿಸಿಕೊಳ್ಳಿ ಅಂದ ಹಾಗಾಗುತ್ತದೆ. ಇನ್ನೂ ಸುಲಭ ಬೇಕಾದರೆ ‘ನಮ್ಮೂರಿಗೆ ಬಸ್ ಬಿಡಿ’ ಅನ್ನಿ, ಸಾಕು.