ಅಮ್ಮನನ್ನು ಮನೆಗೆ ಕರೆತರುತ್ತಿದ್ದೇವೆ, ಆರೈಕೆಯ ಖರ್ಚನ್ನು ಹೇಗೆ ಲೆಕ್ಕ ಹಾಕಲಿ?

ಬೆಂಗಳೂರಿನಿಂದ, ಕೇಳಿದವರು

ಮೈಸೂರಿನಲ್ಲಿರುವ ಅಮ್ಮನಿಗೆ 74 ವರ್ಷ. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮೂಗಿನ ನಳಿಕೆಯಲ್ಲಿ ಆಹಾರ, ಮೂತ್ರಕ್ಕೆ ಕ್ಯಾಥೆಟರ್. ಮುಂದಿನ ವಾರ ಆಸ್ಪತ್ರೆಯಿಂದ ಬಿಡುತ್ತಾರೆ. ಇಪ್ಪತ್ನಾಲ್ಕು ಗಂಟೆಯ ಆಯಾಗೆ ತಿಂಗಳಿಗೆ 30,000, ನರ್ಸ್ ಆದರೆ 55,000 ಎಂದು ಒಂದು ಏಜೆನ್ಸಿ ಹೇಳಿದೆ. ಅಮ್ಮನಿಗೆ ಬರುವ ಕುಟುಂಬ ಪಿಂಚಣಿ 14,000. ತಮ್ಮ ದುಬೈಯಲ್ಲಿದ್ದಾನೆ, ಹಣ ಕಳಿಸಲು ಸಿದ್ಧನಿದ್ದಾನೆ. ನಿಜವಾಗಿ ಎಷ್ಟು ಬೇಕಾಗುತ್ತದೆ? ವಿಮೆ, ಸರ್ಕಾರದ ಯೋಜನೆ ಯಾವುದಾದರೂ ನೆರವಾಗುತ್ತದೆಯೇ?

ಶಿವಮೊಗ್ಗದಿಂದ

ದರಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ವಾರ್ಡಿನ ಸಿಸ್ಟರ್ ಬಿಡುವಾಗಿದ್ದಾಗ ಹೋಗಿ, ಅಮ್ಮನಿಗೆ ಯಾವ ಹೊತ್ತಿನಲ್ಲಿ ಏನೇನು ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಡೈಪರ್, ನಳಿಕೆಯಲ್ಲಿ ಗಂಜಿ ಬಿಡುವುದು, ಮೂತ್ರದ ಚೀಲ ಖಾಲಿ ಮಾಡುವುದು, ಇವನ್ನೆಲ್ಲ ಪಳಗಿದ ಆಯಾ ಮಾಡುತ್ತಾರೆ. ಹೇಳಿಕೊಟ್ಟರೆ ಮನೆಯವರೂ ಮಾಡಬಹುದು. ನಳಿಕೆ ಅಥವಾ ಕ್ಯಾಥೆಟರ್ ಬದಲಿಸುವುದು, ಇಂಜೆಕ್ಷನ್, ಕಫ ಎಳೆಯುವುದು, ಹುಣ್ಣಿಗೆ ಡ್ರೆಸಿಂಗ್ ಮಾಡುವುದು ನರ್ಸ್ ಕೆಲಸ. ನಿಮ್ಮ ಪಟ್ಟಿಯಲ್ಲಿ ಈ ಎರಡನೆಯ ಬಗೆಯ ಕೆಲಸ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಇದ್ದರೆ ದಿನವಿಡೀ ನರ್ಸ್ ಇಟ್ಟುಕೊಳ್ಳಬೇಕಿಲ್ಲ, ಕರೆದಾಗ ಬಂದು ಹೋಗುವವರು ಸಾಕು.

ಆಯಾ ಸಂಬಳವೇ ಪೂರ್ತಿ ಖರ್ಚು ಎಂದುಕೊಳ್ಳಬೇಡಿ. ನಮ್ಮ ತಂದೆಯ ಲೆಕ್ಕ ಹೇಳುತ್ತೇನೆ. ಏಜೆನ್ಸಿಗೆ 28,000, ಮಡಚುವ ಮಂಚ ಮತ್ತು ಏರ್ ಬೆಡ್ ಬಾಡಿಗೆ 3,500, ಡೈಪರ್, ಕೈಗವಸು, ಮುಲಾಮು ಸೇರಿ 5,000, ಫಿಸಿಯೋಥೆರಪಿಗೆ ಒಂದು ಸಲಕ್ಕೆ 500ರಂತೆ 10,000, ಬಂದು ಹೋಗುವ ನರ್ಸ್‌ಗೆ 1,200. ಅಲ್ಲಿಗೆ ಸುಮಾರು 48,000. ಔಷಧಿ ಬೇರೆ, ಆಯಾ ಊಟ ಬೇರೆ. ಊರಿಂದ ಊರಿಗೆ ದರ ಬದಲಾಗುತ್ತದೆ, ಆದರೆ ಬಾಬತ್ತುಗಳು ಇವೇ.

ಹಣ ಸಾಲದೆ ಕೈ ಬಿಗಿಯಾದಾಗ ಎಲ್ಲರೂ ಮೊದಲು ನಿಲ್ಲಿಸುವುದು ಫಿಸಿಯೋಥೆರಪಿಯನ್ನು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಲಕ್ವದ ನಂತರ ಕೈಕಾಲಿಗೆ ಚಲನೆ ಮರಳುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ಅಮ್ಮ ಹಿಡಿದುಕೊಂಡಾದರೂ ಎದ್ದು ನಿಲ್ಲುವಂತಾದರೆ ಆಯಾ ಬೇಕಾಗುವ ಗಂಟೆಗಳೇ ಕಡಿಮೆಯಾಗುತ್ತವೆ.

ಹುಬ್ಬಳ್ಳಿಯಿಂದ

ಮೇಲಿನವರ ಮಾತಿಗೆ ಒಂದು ತಕರಾರು. ಮೂಗಿನ ನಳಿಕೆ ಇರುವಾಗ ಮೊದಲ ದಿನದಿಂದಲೇ ಆಯಾ ಒಬ್ಬರನ್ನೇ ನಂಬುವುದು ನನಗೆ ಸರಿಕಾಣದು. ತಲೆಯ ಭಾಗ ಎತ್ತರಿಸದೆ ಆಹಾರ ಬಿಟ್ಟರೆ, ಅಥವಾ ನಳಿಕೆ ಜರುಗಿದ್ದನ್ನು ಗಮನಿಸದೆ ಬಿಟ್ಟರೆ, ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮತ್ತೆ ಆಸ್ಪತ್ರೆ ಸೇರಿದರೆ ಉಳಿಸಿದ ಹಣವೆಲ್ಲ ಅಲ್ಲಿಗೇ ಹೋಯಿತು. ಮೊದಲ ಒಂದೆರಡು ವಾರ ಹಗಲಿಗಾದರೂ ನರ್ಸ್ ಇರಲಿ, ಅವರ ಕೈಕೆಳಗೆ ಆಯಾ ಕಲಿಯಲಿ. ನರ್ಸ್ ಎಂದು ದರ ಹಾಕಿದವರ ಬಳಿ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಮುಖ ಸಿಂಡರಿಸಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಮಂಗಳೂರಿನಿಂದ

ಏಜೆನ್ಸಿಯ ಕರಾರುಪತ್ರ ಓದದೆ ಮುಂಗಡ ಕೊಡಬೇಡಿ. ಆಯಾ ರಜೆ ಹೋದ ದಿನದ ಹಣ ಕಡಿತವಾಗುತ್ತದೆಯೇ, ಬದಲಿಯವರು ಎಷ್ಟು ದಿನದಲ್ಲಿ ಬರುತ್ತಾರೆ, ನೋಂದಣಿ ಶುಲ್ಕ ಹಿಂದಿರುಗುತ್ತದೆಯೇ, ದೀಪಾವಳಿ, ಯುಗಾದಿಗೆ ದುಪ್ಪಟ್ಟು ಕೊಡಬೇಕೇ? ನಮ್ಮಲ್ಲಿ ಒಬ್ಬಾಕೆ ನಡುವೆಯೇ ಬಿಟ್ಟು ಹೋದಾಗ ಏಜೆನ್ಸಿ ಹೊಸಬರನ್ನು ಕಳಿಸಿ ಮತ್ತೊಮ್ಮೆ ನೋಂದಣಿ ಶುಲ್ಕ ಕೇಳಿತು. ಕರಾರಿನಲ್ಲಿ ಆ ಸಾಲು ಇತ್ತು, ಸಣ್ಣ ಅಕ್ಷರದಲ್ಲಿ.

ದಾವಣಗೆರೆಯಿಂದ, ತೆರಿಗೆ ಸಲಹೆಗಾರ

ಅಮ್ಮನಿಗೆ ಎಪ್ಪತ್ತು ದಾಟಿದೆ, ಹಾಗಾಗಿ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಆಯುಷ್ಮಾನ್ ವಯ ವಂದನಾ ಕಾರ್ಡ್‌ಗೆ ಅರ್ಹರು, ನಿಮ್ಮ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಇದಕ್ಕೆ ಆದಾಯದ ಮಿತಿ ಇಲ್ಲ, ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಯ ಆಯಾ ಸಂಬಳಕ್ಕೆ ಅಲ್ಲ. ಖಾಸಗಿ ಆರೋಗ್ಯ ವಿಮೆ ಇದ್ದರೆ, ಬಿಡುಗಡೆಯ ನಂತರದ ಖರ್ಚಿನ ಷರತ್ತು ಓದಿ. ಅರವತ್ತು ಅಥವಾ ತೊಂಬತ್ತು ದಿನಗಳ ಔಷಧಿ, ಪರೀಕ್ಷೆಗಳು, ವೈದ್ಯರು ಬರೆದುಕೊಟ್ಟ ಫಿಸಿಯೋಥೆರಪಿ ಅನೇಕ ಪಾಲಿಸಿಗಳಲ್ಲಿ ಸಿಗುತ್ತವೆ. ಬಿಲ್ಲು, ಚೀಟಿ ಎರಡನ್ನೂ ಜೋಪಾನವಾಗಿಡಿ.

ತೆರಿಗೆಯಲ್ಲಿ ದಾರಿ ಇದೆ, ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಇಷ್ಟು ವರ್ಷ ಆದಾಯ ತೆರಿಗೆ ಕಾಯ್ದೆಯ ಕಲಂ 80ಡಿಡಿ ಎಂದು ಕರೆಯುತ್ತಿದ್ದ ವಿನಾಯಿತಿಯಲ್ಲಿ, ಅವಲಂಬಿತರಿಗೆ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದರೆ 75,000, ಶೇ 80 ಅಥವಾ ಹೆಚ್ಚಾದರೆ 1,25,000 ರೂಪಾಯಿಯನ್ನು ಆದಾಯದಿಂದ ಕಳೆಯಬಹುದು. ಇದು ಭಾರತದ ನಿವಾಸಿಗಳಿಗಷ್ಟೇ. ತಮ್ಮ ಅನಿವಾಸಿಯಾದರೆ ಅವನಿಗೆ ಸಿಗದು. ಅವನು ನಿಮ್ಮ ಖಾತೆಗೆ ಕಳಿಸಿದ ಹಣ ಒಡಹುಟ್ಟಿದವರ ಉಡುಗೊರೆ, ಅದಕ್ಕೆ ನಿಮಗೆ ತೆರಿಗೆ ಬೀಳುವುದಿಲ್ಲ. ಆದ್ದರಿಂದ ಖರ್ಚು ನಿಮ್ಮ ಖಾತೆಯಿಂದ ಹೋಗಲಿ. ಅಮ್ಮ ಮುಖ್ಯವಾಗಿ ನಿಮ್ಮ ಮೇಲೆ ಅವಲಂಬಿತರು ಎಂದು ತೋರಿಸಬೇಕಾಗುತ್ತದೆ. ಪಿಂಚಣಿ 14,000 ಇರುವುದರಿಂದ ಈ ಒಂದು ಅಂಶವನ್ನು ನಿಮ್ಮ ಲೆಕ್ಕಪರಿಶೋಧಕರ ಬಳಿ ಮೊದಲೇ ಚರ್ಚಿಸಿ. ಅಮ್ಮನಿಗೆ ವಿಮೆಯೇ ಇಲ್ಲದಿದ್ದರೆ ವೈದ್ಯಕೀಯ ಖರ್ಚಿಗೆ 50,000ದವರೆಗೆ ಬೇರೊಂದು ವಿನಾಯಿತಿ ಇದೆ, ನಗದಾಗಿ ಕೊಟ್ಟದ್ದು ಅದರಲ್ಲಿ ಲೆಕ್ಕಕ್ಕಿಲ್ಲ.

ಹಾಸನದಿಂದ

ನಾನು ಈ ಕೆಲಸ ಮಾಡುವವಳು, ಆರು ಮನೆ ನೋಡಿದ್ದೇನೆ. ಇಪ್ಪತ್ನಾಲ್ಕು ಗಂಟೆ ಎಂದರೆ ನಾವು ರಾತ್ರಿಯೆಲ್ಲ ಎಚ್ಚರವಿರುತ್ತೇವೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಮಲಗಿದಲ್ಲೇ ಇರುವವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಹಗಲು ರಾತ್ರಿ ಅದನ್ನು ಒಬ್ಬಳೇ ಮಾಡಲು ಯಾರಿಂದಲೂ ಆಗುವುದಿಲ್ಲ. ರಾತ್ರಿಯ ಒಂದೆರಡು ಸರದಿ ಮನೆಯವರು ನೋಡಿಕೊಳ್ಳಿ ಅಕ್ಕ, ಇಲ್ಲವೇ ಹಗಲಿಗೊಬ್ಬರು, ರಾತ್ರಿಗೊಬ್ಬರು ಎಂದು ಹನ್ನೆರಡು ಗಂಟೆಗೆ ಮಾತನಾಡಿ. ನೀವು ಕೊಡುವ 30,000ದಲ್ಲಿ ಕೈಗೆ ಎಷ್ಟು ಬರುತ್ತದೆ ಎಂದು ಬಂದವರನ್ನೇ ಕೇಳಿ. ನನಗೆ ಇಂಥದೇ ದರದಲ್ಲಿ 19,000 ಬರುತ್ತಿತ್ತು. ವಾರಕ್ಕೊಂದು ರಜೆ ಕೊಡುತ್ತೀರಾದರೆ ಆ ದಿನ ಯಾರು ಬರುತ್ತಾರೆ ಎನ್ನುವುದನ್ನು ಈಗಲೇ ಗೊತ್ತುಮಾಡಿ.

ಬೆಂಗಳೂರಿನಿಂದ, ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಳೆ ಸಿಸ್ಟರ್ ಹತ್ತಿರ ಪಟ್ಟಿ ಬರೆಸಿಕೊಳ್ಳುತ್ತೇನೆ, ನಳಿಕೆಯಲ್ಲಿ ಆಹಾರ ಬಿಡುವುದನ್ನೂ ಕಲಿಯುತ್ತೇನೆ. ಮೈಸೂರಿನಲ್ಲಿ ಮಂಚ, ಏರ್ ಬೆಡ್ ಬಾಡಿಗೆಗೆ ಕೊಡುವವರು ಗೊತ್ತಿದ್ದರೆ, ಅದೂ ಕುವೆಂಪುನಗರದ ಹತ್ತಿರ, ತಿಳಿಸಿ.